ನಿಂತ ಕೈ — ಆರನೆಯ ಕಂತು

"ನಾಲ್ಕು," ಎಂದಳು ಕೊಂಕಮ್ಮ, ಪರದೆಯಿಂದ ಕಣ್ಣು ಕೀಳದೆ.

"ಐದು ಮೇಡಂ. ಮಧ್ಯೆ ಒಂದನ್ನ ನುಂಗಿದ್ರಿ."

"ನಾನು ನುಂಗಲಿಲ್ಲ, ನೀನು ಎರಡು ಸಲ ಒತ್ತಿದೆ. ಮತ್ತೆ ಮೊದಲಿಂದ ಬಿಡು. ಒಂದೊಂದೇ."

ಸರಿಯಪ್ಪ ನಿಟ್ಟುಸಿರಿಟ್ಟು ಗುಂಡಿ ಒತ್ತಿದ. ಪರದೆಯ ಮೇಲೆ, ಎರಡು ಪದಗಳ ನಡುವೆ, ಅಕ್ಷರದಷ್ಟೇ ಎತ್ತರದ ಒಂದು ಕೈ ಕಾಣಿಸಿತು. ಅಂಗೈ ಮೇಲಾಗಿ ಚಾಚಿದ ಕೈ. ಇನ್ನೊಮ್ಮೆ ಒತ್ತಿದ. ಬೆರಳುಗಳು ಸಡಿಲಾದವು. ಮತ್ತೊಮ್ಮೆ. ಮಣಿಕಟ್ಟು ತಿರುಗತೊಡಗಿತು. ಐದನೆಯದರಲ್ಲಿ ಅಂಗೈ ಪೂರ್ತಿ ಕವುಚಿತ್ತು. ಆರು, ಏಳು, ಎಂಟರಲ್ಲಿ ಆ ಕವುಚಿದ ಕೈ ಹಲಗೆ ಒರೆಸುವಂತೆ ಗಾಳಿಯನ್ನು ಎಡಕ್ಕೂ ಬಲಕ್ಕೂ ಒರೆಸಿತು. ಒಂಬತ್ತನೆಯದರಲ್ಲಿ ಸುಸ್ತಾದಂತೆ ಕೆಳಗಿಳಿಯಿತು.

"ಒಂಬತ್ತು ಚಿತ್ರ. ಇದು 'ಬರಬೇಡ'. ಈಗ 'ಬಾ' ತೆಗಿ."

"ಬಾ ಆಡಲ್ಲ ಮೇಡಂ. ಅದು ಒಂದೇ ಚಿತ್ರ. ಕರೆಯೋಕೆ ಚಾಚಿದ ಕೈಯೊಂದು ಸಾಕು, ಕುಣಿಸೋದು ಯಾಕೆ ಅಂತ ಚಿತ್ರ ಬಿಡಿಸಿದವರೇ ಬರೆದುಕೊಟ್ಟಿದ್ರು."

"ಗೊತ್ತು. ಅದನ್ನ ತೆಗೆದು ಇದರ ಮೊದಲನೇ ಚಿತ್ರದ ಮೇಲಿಡು."

ಅವನು ಇಟ್ಟ. ಪರದೆಯ ಮೇಲೆ ಏನೂ ಬದಲಾಗಲಿಲ್ಲ. ಇಟ್ಟದ್ದನ್ನು ತೆಗೆದ. ಆಗಲೂ ಏನೂ ಬದಲಾಗಲಿಲ್ಲ. ಕೈಯ ಮೇಲೆ ಕೈ ಕೂತರೆ ಒಂದು ಕೂದಲೆಳೆಯಾದರೂ ಆಚೀಚೆ ಇಣುಕಬೇಕಿತ್ತು, ಇಣುಕಲಿಲ್ಲ.

ಮಧ್ಯಾಹ್ನದ ಊಟಕ್ಕೆಂದು ಮಹಡಿ ಖಾಲಿಯಾಗಿತ್ತು. ಯಾರದೋ ಮೇಜಿನ ಮೇಲೆ ಫೋನೊಂದು ತನ್ನಷ್ಟಕ್ಕೆ ನಡುಗಿ ಸುಮ್ಮನಾಯಿತು.

"ಹೇಳಪ್ಪ, ನಿನ್ನ ಮಾಮೂಲಿ ಮಾತು," ಎಂದಳು ಕೊಂಕಮ್ಮ.

ಅವನು ಹೇಳಲಿಲ್ಲ. ಯಾರು ಯಾವ ತಪ್ಪು ತೋರಿಸಿದರೂ "ನನ್ನ ಫೋನಲ್ಲಿ ಸರಿಯಾಗೇ ಇದೆಯಲ್ಲ" ಎನ್ನುವವನು ಅವನು. ಅದಕ್ಕೇ ಕಚೇರಿ ಅವನಿಗೆ ಸರಿಯಪ್ಪ ಎಂದು ಹೆಸರಿಟ್ಟಿತ್ತು. ಅವನು ಕಟ್ಟಿದ್ದರಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸ; ಅದಕ್ಕೇ ಅವಳು ಕೊಂಕಮ್ಮ. ಹದಿನಾರು ವರ್ಷ ಅದೇ ಮೇಜು, ಅದೇ ಕೆಲಸ. ಮದುವೆ ಮನೆಗೆ ಹೋದರೂ ಚಪ್ಪರದ ಯಾವ ಗಂಟು ಸಡಿಲ ಅಂತ ನೋಡ್ತಾಳೆ ಎಂದು ಅವಳ ಸ್ವಂತ ತಂಗಿಯೇ ಆಡಿಕೊಂಡು, ಕೊನೆಗೆ ಕರೆಯುವುದನ್ನೇ ಬಿಟ್ಟಿದ್ದಳು.

ಅಂಥವಳು ಎಂಟು ದಿನದ ಹಿಂದೆ ಒಂದು ಕಾಗದಕ್ಕೆ ಕಣ್ಣುಮುಚ್ಚಿ ಸಹಿ ಹಾಕಿದ್ದಳು.

ಪರದೆಯ ಮೇಲಿದ್ದದ್ದು ಕಿವಿ ಕೇಳಿಸದವರು ಬಳಸಲೆಂದು ಈ ಕಂಪನಿ ಮಾಡಿದ ಮೆಸೇಜಿನ ಆ್ಯಪ್. ಬರೆದ ಮಾತಿನ ನಡುವೆಯೇ ಸಂಜ್ಞೆಯ ಪುಟ್ಟ ಕೈಗಳು ಆಡುತ್ತವೆ. ಆ ಕೈಗಳನ್ನೆಲ್ಲ ಬರೆದ ಚಿತ್ರಗಾರ್ತಿಗೂ ಕಿವಿ ಕೇಳಿಸುತ್ತಿರಲಿಲ್ಲ. ರಜೆಯ ದಿನ ಒಬ್ಬಳೇ ಬಂದು ಕೆಲಸ ಮಾಡುತ್ತಿದ್ದವಳು, ಮಧ್ಯಾಹ್ನ ಇದೇ ಮಹಡಿಯ ಲಿಫ್ಟಿನ ಬಾಗಿಲೆಳೆದು ಒಳಗೆ ಕಾಲಿಟ್ಟಳು. ಒಳಗೆ ಲಿಫ್ಟು ಇರಲಿಲ್ಲ. ನಾಲ್ಕು ಮಹಡಿಯ ಆಳವಿತ್ತು.

ಲಿಫ್ಟು ರಿಪೇರಿಗೆ ಬಂದಿದ್ದವನು ಅವಳ ಸ್ವಂತ ತಮ್ಮ. ಬಾಗಿಲಿನ ಬೀಗ ಬಿಡಿಸಿದ್ದವನು ಅವನೇ, ಕೆಳಗಿನಿಂದ ಮೆಸೇಜು ಕಳಿಸಿದ್ದವನೂ ಅವನೇ: "ಊಟಕ್ಕೆ ಕಾಯ್ತಿದ್ದೀನಿ. ಲಿಫ್ಟಲ್ಲಿ", ಆಮೇಲೆ ಒಂದು ಕೈ.

ಪೊಲೀಸರು ಎರಡೂ ಫೋನಿನಿಂದ ಆ ಮೆಸೇಜನ್ನು ಕಾಗದಕ್ಕೆ ಇಳಿಸಿ, ಈ ಕೈಗೆ ಏನು ಅರ್ಥ ಎಂದು ಕಂಪನಿಯನ್ನು ಕೇಳಿದ್ದರು. ಕಾಗದ ಕೊಂಕಮ್ಮನ ಮೇಜಿಗೆ ಬಂತು. ಅವಳು ಅಂದು ಅತ್ತು ಅತ್ತು ಊದಿದ ಕಣ್ಣಲ್ಲಿ ನೋಡಿದಳು. ಅಂಗೈ ಮೇಲಾಗಿ ಚಾಚಿದ ಕೈ. "ಬಾ", ಎಂದು ಬರೆದು ಸಹಿ ಹಾಕಿದಳು.

ಕಾಗದದ ಮೇಲೆ ಯಾವ ಕೈ ತಾನೇ ಆಡುತ್ತದೆ.

ತಮ್ಮ ಲಾಕಪ್ಪು ಸೇರಿದ. ಮನೆ ಅಕ್ಕನ ಹೆಸರಲ್ಲಿತ್ತು, ಬೀಗ ಬಿಡಿಸಿದವನು ಇವನು, ಕರೆದವನೂ ಇವನು. ಪೊಲೀಸರಿಗೆ ಇನ್ನೇನು ಬೇಕು. ನಾನು ಕಳಿಸಿದ್ದು ಬರಬೇಡ ಅಂತ, ಎಂದು ಅವನು ಮೊದಲ ದಿನವೇ ಹೇಳಿದ್ದನಂತೆ. ಕಂಪನಿಯವರೇ ಬಾ ಅಂತ ಬರೆದುಕೊಟ್ಟ ಮೇಲೆ ಅದನ್ನು ಕೇಳುವವರು ಯಾರು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅವನನ್ನು ಮತ್ತೆ ಕೋರ್ಟಿಗೆ ಹಾಜರು ಮಾಡುವವರಿದ್ದರು, ಅವಳ ಸಹಿಯನ್ನು ಮುಂದಿಟ್ಟುಕೊಂಡು.

"ನಮ್ಮ ಭಾಷೇದೇ ತಪ್ಪು ಮೇಡಂ," ಎಂದ ಸರಿಯಪ್ಪ ಮೆಲ್ಲಗೆ. "ಎಲ್ಲಾ ಹೇಳಿ ಮುಗಿಸಿ, ಬೇಡ ಅನ್ನೋದನ್ನ ಬಾಲಕ್ಕೆ ಕಟ್ಟೋ ಜನ ನಾವು. ಬರ, ಆಮೇಲೆ ಬೇಡ. ಅವರು ಕೈಯಲ್ಲೂ ಹಾಗೇ ಬರೆದಿದ್ದಾರೆ. ಮೊದಲು ಕರೆಯೋದು, ಆಮೇಲೆ ಕರೆದದ್ದನ್ನ ಒರೆಸೋದು."

"ಬಾಲ ಕತ್ತರಿಸಿದವರು ಯಾರು ಅದನ್ನ ಹೇಳು. ತಮ್ಮ ಒಂಬತ್ತು ಚಿತ್ರ ಕಳಿಸಿದ. ಅಕ್ಕ ಒಂದೇ ಒಂದನ್ನ ನೋಡಿ ಲಿಫ್ಟಿನ ಕಡೆ ನಡೆದಳು. ಉಳಿದ ಎಂಟು ಎಲ್ಲಿ ಹೋದ್ವು?"

ಸರಿಯಪ್ಪ ಕುರ್ಚಿ ಹಿಂದಕ್ಕೆ ಸರಿಸಿದ. ಅಕ್ಷರದ ಸಾಲಿನೊಳಗೆ ಕೈಗಳನ್ನು ಕೂರಿಸಿ ಆಡಿಸಿದವನು ಅವನೇ.

"ನೋಡಿ, ಅಕ್ಷರ ಕೂತ ಕಡೆ ಕೂತಿರುತ್ತೆ. ಸಾಲು ಅದನ್ನ ಒಂದು ಸಲ ಬರೆದು ಕೈ ತೊಳ್ಕೊಳ್ಳುತ್ತೆ. ಆಡೋ ಚಿತ್ರಕ್ಕೆ ಹಾಗಲ್ಲ. ಮೈ ಅಲುಗಿಸಿದಾಗಲೆಲ್ಲ ಸಾಲಿನ ಭುಜ ತಟ್ಟಿ, ಏಯ್, ನಾನು ಬದಲಾದೆ, ಮತ್ತೊಂದು ಸಲ ಬರಿ ಅನ್ನಬೇಕು. ಸಾಲು ಕೇಳಿಸಿಕೊಂಡರೆ ಕೈ ಆಡುತ್ತೆ. ಕೇಳಿಸಿಕೊಳ್ಳದಿದ್ರೆ ಮೊದಲನೇ ಚಿತ್ರಕ್ಕೇ ಕಲ್ಲಾಗುತ್ತೆ."

"ಸಾಲಿಗೂ ಕಿವಿ ಕೇಳಿಸದ ಹಾಗೆ."

"ಹಾಗೇ ಅಂದ್ಕೊಳ್ಳಿ."

"ಯಾವಾಗ ಕೇಳಿಸಿಕೊಳ್ಳಲ್ಲ?"

"ಬ್ಯಾಟರಿ ಹದಿನೈದಕ್ಕಿಂತ ಕೆಳಗಿಳಿದರೆ ಆಟ ನಿಲ್ಲಿಸಿಬಿಡ್ತೀವಿ."

ಕೊಂಕಮ್ಮ ಪೊಲೀಸರ ಕಾಗದದ ನಕಲನ್ನು ಅವನ ಮುಂದೆ ಸರಿಸಿದಳು. ಅಕ್ಕನ ಫೋನಿನ ಪರದೆ. ಮೇಲಿನ ಬಲ ಮೂಲೆಯಲ್ಲಿ ಬೇಳೆಯಷ್ಟು ಚಿಕ್ಕ ಬ್ಯಾಟರಿಯ ಗುರುತು. ಮುಕ್ಕಾಲಿಗಿಂತ ಹೆಚ್ಚು ತುಂಬಿತ್ತು. ಕೆಳಗೆ ಮೆಸೇಜು ಓದಿದ ಹೊತ್ತು: ಒಂದೂ ಐದು.

"ಬ್ಯಾಟರಿ ಅಲ್ಲ," ಎಂದಳು. "ಇನ್ನೇನು ಉಳೀತು?"

ಸರಿಯಪ್ಪ ಬಾಯಿ ತೆರೆದು ಮುಚ್ಚಿದ. ಅವನು ಏನನ್ನು ನುಂಗಿದನೆಂದು ಅವಳಿಗೆ ಗೊತ್ತಿತ್ತು. ಎರಡು ತಿಂಗಳ ಹಿಂದೆ ಅವನು ಸೆಟ್ಟಿಂಗಿನಲ್ಲಿ ಒಂದು ಸ್ವಿಚ್ಚು ಇಟ್ಟಿದ್ದ: ಚಿತ್ರಗಳ ಆಟ ನಿಲ್ಲಿಸು. ಮಿನುಗುವುದನ್ನು ಕಂಡರಾಗದವರಿಗೆಂದು. ಚಿತ್ರಗಾರ್ತಿ ಅಂದು ಕೆಂಡವಾಗಿದ್ದಳು. ಬಿಳಿಹಾಳೆಯ ತುಂಬ ದಪ್ಪ ಅಕ್ಷರದಲ್ಲಿ ಬರೆದು ಅವನ ಮೇಜಿನ ಮೇಲೆ ಕುಕ್ಕಿದ್ದಳು: "ಕೈ ಆಡಬಾರದು ಅನ್ನುವುದು ಬಾಯಿ ಮುಚ್ಚು ಅಂದ ಹಾಗೆ." ಆಮೇಲೆ ಇಬ್ಬರೂ ಮುಖ ಕೊಟ್ಟು ನೋಡಿರಲಿಲ್ಲ.

"ನನ್ನನ್ನ ಯಾಕೆ ಹಾಗೆ ನೋಡ್ತೀರ?" ಎಂದ ಸರಿಯಪ್ಪ.

"ಹೇಗೆ ನೋಡ್ತಿದ್ದೀನಿ?"

"ತಪ್ಪು ಸಿಕ್ಕಿದಾಗ ನೋಡ್ತೀರಲ್ಲ, ಹಾಗೆ. ಜಗಳ ಆಡಿದ್ದೆ, ಒಪ್ಪಿದೆ. ಜಗಳ ಆಡಿದವರನ್ನೆಲ್ಲ ಕೊಲ್ಲೋದಾದ್ರೆ ಈ ಕಚೇರೀಲಿ ನೀವೊಬ್ಬರೇ ಉಳೀತೀರ. ಅಲ್ಲ, ನೀವೇ ಮೊದಲು ಹೋಗ್ತೀರ."

"ಇಲ್ಲಿ ಕೂತು ಅವಳ ಫೋನಿನ ಸ್ವಿಚ್ಚು ಒತ್ತೋಕೆ ನಿನಗಾಗುತ್ತಾ?"

"ಆಗಲ್ಲ. ಆ ಫೋನು ಕೈಯಲ್ಲಿದ್ದವರೇ ಒತ್ತಬೇಕು. ಆದರೆ ಒತ್ತಿದ್ದು ಇಲ್ಲಿ ಬರೆದುಕೊಳ್ಳುತ್ತೆ."

"ತೆಗಿ."

"ಮೇಲಿನವರು ಒಪ್ಪಿಗೆ ಕೊಡದೆ..."

"ಮೇಲಿನವರು ಊಟಕ್ಕೆ ಹೋಗಿದ್ದಾರೆ. ನಾಳೆ ಹನ್ನೊಂದರ ಹೊತ್ತಿಗೆ ಒಬ್ಬನ ಬದುಕು ಊಟ ಆಗಿರುತ್ತೆ. ತೆಗಿ ಮಾರಾಯ."

ತೆಗೆದ. ಸಾಲು ಸಾಲಾಗಿ ದಿನಾಂಕ, ಹೊತ್ತು. ಬೆರಳಿಟ್ಟು ಇಳಿಯುತ್ತ ಹೋದವನು ಒಂದು ಕಡೆ ನಿಂತ.

ಅದೇ ರಜೆಯ ದಿನ. ಬೆಳಿಗ್ಗೆ ಎಂಟೂ ನಲವತ್ತು. ಚಿತ್ರಗಳ ಆಟ: ನಿಂತಿದೆ. ಒತ್ತಿದ್ದು ಆ ಫೋನಿನಿಂದಲೇ, ಅವಳ ಮನೆಯ ವೈಫೈನಲ್ಲಿರುವಾಗ.

ಸರಿಯಪ್ಪ ಉಸಿರು ಬಿಟ್ಟ. "ನಾನಲ್ಲ ಅಂತಾಯ್ತಲ್ಲ. ಅವರೇ ಒತ್ತಿಕೊಂಡಿದ್ದಾರೆ."

"ಅವಳು? ಸೆಟ್ಟಿಂಗಿನಲ್ಲಿ ನಾಲ್ಕು ಬಾಗಿಲು ದಾಟಿ ಹೋಗಿ, ತನ್ನ ಬಾಯಿ ತಾನೇ ಮುಚ್ಚಿಕೊಂಡಳಾ?"

"ಬೆರಳು ತಗುಲಿ..."

"ನಾಲ್ಕು ಸಲ ಬೆರಳು ತಗುಲಲ್ಲ. ಅದೂ ಅಲ್ಲದೆ ಎಂಟು ನಲವತ್ತಕ್ಕೆ ಅವಳು ಮನೇಲಿರಲಿಲ್ಲ. ಎಂಟರಿಂದ ಒಂಬತ್ತು ಈಜುಕೊಳ. ಫೋನು ಮನೆಯಲ್ಲೇ ಬಿಟ್ಟು ಹೋಗ್ತಿದ್ದಳು, ಅದಕ್ಕೆ ಲಾಕು ಕೂಡ ಹಾಕದೆ."

"ಅಷ್ಟು ಖಚಿತವಾಗಿ ಹೇಗೆ ಹೇಳ್ತೀರ?"

ಮೂರು ವರ್ಷದಲ್ಲಿ ಕೊಂಕಮ್ಮನ ಫೋನಿಗೆ ಬಂದ ಮೆಸೇಜುಗಳಲ್ಲಿ ಬ್ಯಾಂಕಿನವು ಬಿಟ್ಟರೆ ಉಳಿದದ್ದೆಲ್ಲ ಚಿತ್ರಗಾರ್ತಿಯೊಬ್ಬಳಿಂದಲೇ ಬಂದದ್ದು. ಏಳೂ ಐವತ್ತೈದಕ್ಕೆ ಒಂದು ಕೈ: ಎದ್ದೆಯಾ. ಒಂಬತ್ತೂ ಐದಕ್ಕೆ ಇನ್ನೊಂದು: ಹೊರಟೆ. ಆ ಎರಡರ ನಡುವೆ ಎಂದೂ ಏನೂ ಬಂದಿರಲಿಲ್ಲ. ಆ ಒಂದು ಗಂಟೆಯಲ್ಲಿ ಕೊಂಕಮ್ಮ ಬಟ್ಟೆ ಒಗೆದು ಹರವುತ್ತಿದ್ದಳು, ಒಬ್ಬಳ ಬಟ್ಟೆ, ಎರಡು ನಿಮಿಷದ ಕೆಲಸ. ಉಳಿದ ಹೊತ್ತು ಕಿಟಕಿಯ ಹತ್ತಿರ ನಿಂತಿರುತ್ತಿದ್ದಳು.

"ಗೊತ್ತು," ಎಂದಳು, ಅಷ್ಟೇ.

ಆಮೇಲೆ ಇನ್ನೊಂದು ಯೋಚನೆ ಬಂತು. ಬರಬಾರದಿತ್ತು. ಆ ರಜೆಯ ದಿನ ಚಿತ್ರಗಾರ್ತಿಗೆ ಯಾರೂ ಏನೂ ಕಳಿಸಿರಲಿಲ್ಲ. ಬೆಳಿಗ್ಗೆಯಿಂದ ಅವಳ ಫೋನಿಗೆ ಬಂದ ಮೊದಲ ಕೈ ತಮ್ಮನದೇ, ಒಂದೂ ಐದರದ್ದು. ಕೊಂಕಮ್ಮ ಅಂದು ಯಾವುದೋ ಸಣ್ಣ ಮುನಿಸಿಗೆ, ಅವಳೇ ಮೊದಲು ಕಳಿಸಲಿ ಎಂದು ಬಿಗುಮಾನದಲ್ಲಿ ಕೂತಿದ್ದಳು. ಒಂದೇ ಒಂದು ಕೈ ಕಳಿಸಿದ್ದರೆ, ಅದು ಆಡದೆ ನಿಂತದ್ದನ್ನು ಅವಳು ನೋಡುತ್ತಿದ್ದಳು. ನೋಡಿದ್ದರೆ ಆಟವನ್ನು ಮತ್ತೆ ಶುರು ಮಾಡಿಕೊಳ್ಳುತ್ತಿದ್ದಳು.

ಪಕ್ಕದ ಖಾಲಿ ಕುರ್ಚಿಯ ಬೆನ್ನಿಗೆ ಇನ್ನೂ ಅವಳ ಸ್ವೆಟರು ನೇತಾಡುತ್ತಿತ್ತು. ಅದನ್ನು ಯಾರು ತೆಗೆಯಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

"ಇದನ್ನೆಲ್ಲ ಪ್ರಿಂಟ್ ಹಾಕಿಕೊಡು," ಎಂದಳು ಕೊಂಕಮ್ಮ. "ಒಂಬತ್ತು ಚಿತ್ರಾನೂ, ಬಿಡಿಬಿಡಿಯಾಗಿ. ಈ ಎಂಟೂ ನಲವತ್ತರ ಸಾಲೂ."

"ನನ್ನ ಕೆಲಸ ಹೋಗುತ್ತೆ ಮೇಡಂ."

"ಹೋದರೆ ನನ್ನ ಹೆಸರು ಹೇಳು. ನನ್ನದು ಹೇಗೂ ಹೋಗುತ್ತೆ."

ಅವನು ಪ್ರಿಂಟರಿನ ಕಡೆ ಹೋಗುತ್ತ ತಿರುಗಿದ. "ನನ್ನ ಫೋನಲ್ಲಿ ಸರಿಯಾಗೇ ಇತ್ತು," ಎಂದ. ಆ ಮಾತಲ್ಲಿ ಯಾವತ್ತಿನ ಧೈರ್ಯವಿರಲಿಲ್ಲ.

*

ಸ್ಟೇಷನ್ನಿನ ಇನ್ಸ್‌ಪೆಕ್ಟರು ಮೊದಲು ಅವಳ ಹಳೆಯ ಪತ್ರವನ್ನು, ಆಮೇಲೆ ಹೊಸ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಹರಡಿಕೊಂಡು ನೋಡಿದರು. ಚಹಾ ಆರುತ್ತಿತ್ತು.

"ಏನಮ್ಮಾ, ಹೋದ ವಾರ ಬಾ ಅಂದ್ರಿ, ಈ ವಾರ ಬರಬೇಡ ಅಂತೀರಿ. ನಿಮಗೆ ಎರಡು ನಾಲಿಗೇನಾ?"

"ನಾಲಿಗೆ ಒಂದೇ ಸಾರ್. ಚಿತ್ರ ಒಂಬತ್ತು. ನೀವು ಕಳಿಸಿದ್ದು ಒಂದು."

"ಅವನ ಫೋನಲ್ಲಿ ಆ ಕೈ ಏನೋ ಕುಣೀತಿತ್ತು ಅಂತ ನಮ್ಮ ರೈಟರ್ ಹೇಳಿದ್ದ. ಈಗಿನ ಫೋನಲ್ಲಿ ಏನು ತಾನೇ ಕುಣಿಯಲ್ಲ, ಅಲಂಕಾರ ಅಂದ್ಕೊಂಡ್ವಿ."

"ಅಲಂಕಾರ ಅಲ್ಲ ಸಾರ್. ಅದು ಮಾತು."

ಇನ್ಸ್‌ಪೆಕ್ಟರು ಕೆಟ್ಟವರಾಗಿರಲಿಲ್ಲ. ಮುಗಿದ ಕೇಸನ್ನು ಮತ್ತೆ ಬಿಚ್ಚುವುದೆಂದರೆ ಒಗೆದು ಮಡಿಸಿಟ್ಟ ಬಟ್ಟೆಯನ್ನು ಮತ್ತೆ ನೀರಿಗೆ ಹಾಕಿದಂತೆ. ಅದು ಯಾರಿಗೂ ಬೇಡದ ಕೆಲಸ. ಕನ್ನಡಕ ತೆಗೆದು ಮೂಗುಜ್ಜಿಕೊಂಡರು.

"ಎರಡೂ ಫೋನಿಗೆ ಸೀಲು ಬಿದ್ದಿದೆ. ನನ್ನ ಕೇಸಿಗೆ ಅದನ್ನ ಒಡೆಯೋ ಅಗತ್ಯ ಇಲ್ಲ. ಅಗತ್ಯ ಇರೋನು ಒಳಗಿದ್ದಾನೆ. ಫೋನು ಪರೀಕ್ಷೆ ಮಾಡಿಸಿ ಅಂತ ಅವನೇ ಅರ್ಜಿ ಕೊಡಲಿ. ಸಹಿ ಬಿದ್ದರೆ ನಾಳೆ ಜಡ್ಜ್ ಮುಂದೇನೇ ಒಡೆಸ್ತೀನಿ, ನಿಮ್ಮ ಒಂಬತ್ತು ಕೈಯೂ ಅವರೇ ನೋಡಲಿ. ಹದಿನೈದು ನಿಮಿಷ ಕೊಡ್ತೀನಿ."

ಅರ್ಜಿಯನ್ನು ಅವಳು ಹೊರಗಿನ ಬೆಂಚಿನ ಮೇಲೆ ಕೂತು ಬರೆದಳು. ತಪ್ಪುಗಳನ್ನು ಬರೆದಿಡುವುದು ಅವಳಿಗೆ ನೀರು ಕುಡಿದಷ್ಟು ಸುಲಭ: ಏನಾಯಿತು, ಏನಾಗಬೇಕಿತ್ತು, ಯಾವ ಹೊತ್ತಿಗೆ, ಯಾವ ಫೋನಿನಲ್ಲಿ. ಐದು ಸಾಲು. ಕೆಳಗೆ ಸಹಿಗೆ ಜಾಗ.

ಭೇಟಿಯ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಎತ್ತರದಲ್ಲೊಂದು ಕಿಟಕಿ. ಕಾನ್‌ಸ್ಟೇಬಲ್ ಅವನನ್ನು ತಂದು ಕೂರಿಸಿ ಬಾಗಿಲ ಬಳಿ ನಿಂತ.

ತಮ್ಮ ಅಕ್ಕನಂತಿರಲಿಲ್ಲ, ಕೈಗಳು ಮಾತ್ರ ಅವಳವೇ. ಉದ್ದ ಬೆರಳು, ಅಗಲ ಮಣಿಕಟ್ಟು. ಉಗುರಿನ ಅಂಚಿನ ಗ್ರೀಸು ಎಂಟು ದಿನದ ಮೇಲೂ ಹೋಗಿರಲಿಲ್ಲ. ಅವನು ಅವಳನ್ನು ನೋಡಿ, ಬಲಗೈಯ ತೋರುಬೆರಳನ್ನು ಎತ್ತಿ, ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿದ.

"ಅದೇನು?" ಎಂದಳು ಕೊಂಕಮ್ಮ.

"ನೀವು. ಅಕ್ಕ ನಿಮಗೆ ಇಟ್ಟ ಹೆಸರು. ಕೊಂಕು." ಮತ್ತೊಮ್ಮೆ ಬಗ್ಗಿಸಿ ತೋರಿಸಿದ. "ದಿನಾ ಊಟದ ಹೊತ್ತಿಗೆ ಇದು ಹತ್ತು ಸಲ ಬರೋದು. ಕೊಂಕು ಹೀಗಂದಳು, ಕೊಂಕು ಹಾಗಂದಳು, ಕೊಂಕು ನನ್ನ ಚಿತ್ರದಲ್ಲಿ ಆರನೇ ಬೆರಳು ಕಂಡುಹಿಡಿದಳು. ನೀವೇ ಅಂತ ನೋಡಿದ ತಕ್ಷಣ ಗೊತ್ತಾಯ್ತು."

"ನನಗೆ ಹೇಳಿರಲಿಲ್ಲ."

"ಹೆಸರಿಟ್ಟವರು ಹೇಳಲ್ಲ. ಬೇರೆಯವರ ಕೈಯಲ್ಲಿ ನೋಡಬೇಕು."

ಮೂರು ವರ್ಷ ಪಕ್ಕದಲ್ಲೇ ಕೂತಿದ್ದರೂ ಯಾವುದೋ ಮನೆಯ ಊಟದ ಮೇಜಿನಲ್ಲಿ ತನ್ನ ಹೆಸರು ದಿನಕ್ಕೆ ಹತ್ತು ಸಲ ಓಡಾಡುತ್ತಿತ್ತೆಂಬುದು ಅವಳಿಗೆ ಇಲ್ಲಿ, ಈ ಕೋಣೆಯಲ್ಲಿ ತಿಳಿಯಬೇಕಿತ್ತು. ಅವಳು ಹಾಳೆಗಳನ್ನು ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿದಳು.

"ನಾನು ನಿಮಗೆ ಅನ್ಯಾಯ ಮಾಡಿದ್ದೀನಿ," ಎಂದಳು. "ಆ ಕೈಗೆ ಬಾ ಅಂತ ಬರೆದುಕೊಟ್ಟವಳು ನಾನೇ."

"ಗೊತ್ತು. ನಿಮ್ಮ ಸಹಿ ತೋರಿಸಿದ್ರು."

"ಬೈಯಲ್ವಾ?"

"ಬೈದು ಏನು ಮಾಡೋದು. ಅಕ್ಕನಿಗೂ ಹಾಗೇ ಕಂಡಿರಬೇಕಲ್ಲ, ಅದನ್ನೇ ಯೋಚನೆ ಮಾಡ್ತಿದ್ದೆ. ನಾನು ಕಳಿಸಿದಾಗ ನನ್ನ ಫೋನಲ್ಲಿ ಸರಿಯಾಗಿ ಒರೆಸ್ತು. ನೋಡಿದೀನಿ. ಚಿಕ್ಕಂದಿನಿಂದ ಅದೇ ಕೈ ಅದು. ಅಮ್ಮ ಒಳಗಿಂದ ಕೂಗೋಳು, ನೆಲ ಒರೆಸಿದೀನಿ ಬರಬೇಡ್ರೋ ಅಂತ. ನಾನು ಬಾಗಿಲಲ್ಲಿ ನಿಂತು ಅಕ್ಕನಿಗೆ ಹೀಗೆ." ಅವನ ಕೈ ಚಾಚಿತು, ಕವುಚಿತು, ಗಾಳಿಯನ್ನು ಒರೆಸಿತು. ಒಂಬತ್ತು ಚಿತ್ರಗಳೂ ಅಲ್ಲಿದ್ದವು. "ಅವಳು ಅದನ್ನೇ ಫೋನಿಗೆ ಬರೆದಳು. ಅಮ್ಮನಿಗೆ ಮಾತ್ರ ಇವತ್ತಿಗೂ ನಾವು ಕೈ ಆಡಿಸೋದು ಕಂಡರಾಗಲ್ಲ. ಬೀದೀಲಿ ನಾಲ್ಕು ಜನ ನೋಡ್ತಾರೆ, ಸುಮ್ನೆ ನಡೀರಿ ಅಂತಾಳೆ."

"ಮನೇಲಿ ಬೇರೆ ಯಾರು ಆ ಆ್ಯಪ್ ಬಳಸ್ತಾರೆ?"

"ನಾವಿಬ್ಬರೇ. ನನ್ನ ಹೆಂಡತಿ ಶುರು ಮಾಡಿದ್ದಳು, ಬಿಟ್ಟಳು. ಮಿನುಗೋದನ್ನ ನೋಡಿದರೆ ಅವಳಿಗೆ ತಲೆ ಸಿಡಿಯುತ್ತೆ. ಟ್ಯೂಬ್‌ಲೈಟು ಪಟಪಟ ಅಂದರೂ ಕೋಣೆ ಬಿಟ್ಟು ಹೋಗ್ತಾಳೆ."

ಕೊಂಕಮ್ಮ ಅರ್ಜಿಯನ್ನೂ ಪೆನ್ನನ್ನೂ ಅವನತ್ತ ಸರಿಸಿದಳು.

"ಇಲ್ಲಿ ಸಹಿ ಮಾಡಿ. ನಾಳೆ ಜಡ್ಜ್ ಮುಂದೆ ಫೋನು ತೆಗೀತಾರೆ. ನೀವು ಕಳಿಸಿದ್ದು ಬರಬೇಡ ಅಂತ ಎಲ್ಲರೂ ನೋಡ್ತಾರೆ. ಬೀಗ ಬಿಡಿಸಿ ಬೋರ್ಡು ಹಾಕದೇ ಇದ್ದದ್ದು ತಪ್ಪು, ಅದಕ್ಕೊಂದು ಮಾತು ಕೇಳಬೇಕಾಗಬಹುದು. ಕೊಲೆ ಅನ್ನೋ ಮಾತು ಬಿದ್ದುಹೋಗುತ್ತೆ."

"ರಜೆ ಅಲ್ವಾ, ಆ ಮಹಡೀಲಿ ಇದ್ದವಳು ಅವಳೊಬ್ಬಳೇ. ಅವಳಿಗೇ ಹೇಳಿಬಿಟ್ಟೆನಲ್ಲ, ಬೋರ್ಡು ಯಾಕೆ ಅಂದ್ಕೊಂಡೆ." ಪೆನ್ನಿನ ಮುಚ್ಚಳ ತೆಗೆದ. ಅವನ ಮುಖದಲ್ಲಿ ಎಂಟು ದಿನದ ಗಡ್ಡದ ಕೆಳಗೆ ಏನೋ ಸಡಿಲಾಯಿತು. "ಮನೆಗೆ ಹೋಗಬಹುದಾ ನಾನು? ನಾಳೇನೇ?"

"ಹೋಗಬಹುದು ಅನ್ಸುತ್ತೆ."

"ಓದಿ ಹಾಕ್ತೀನಿ. ನೀವು ಬರೆದದ್ದು ಅಂದ್ರೆ ತಪ್ಪಿರಲ್ಲ, ಆದರೂ." ಇದು ತಮಾಷೆಯೆಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು.

ಅವನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತುಟಿಯಲ್ಲೇ ಓದಿದ. ಮೊದಲನೆಯ ಸಾಲು. ಎರಡನೆಯದು. ಮೂರನೆಯದರಲ್ಲಿ ಬೆರಳು ನಿಂತಿತು.

"ಬೆಳಿಗ್ಗೆ ಎಂಟೂ ನಲವತ್ತಕ್ಕೆ," ಎಂದು ಗಟ್ಟಿಯಾಗಿ ಓದಿದ, "ನನ್ನ ಅಕ್ಕನ ಫೋನಿನಲ್ಲಿ ಚಿತ್ರಗಳ ಆಟವನ್ನು ಮನೆಯಲ್ಲಿದ್ದವರು ಯಾರೋ ನಿಲ್ಲಿಸಿದ್ದರಿಂದ." ತಲೆಯೆತ್ತಿದ. "ಇದೇನು?"

"ಅದೇ ಕಾರಣ. ಅದರಿಂದಲೇ ಅವಳಿಗೆ ಒಂದೇ ಚಿತ್ರ ಕಂಡಿದ್ದು."

"ಆ್ಯಪ್ಪಿನ ತೊಂದರೆ ಅಂದ್ಕೊಂಡೆ ನಾನು. ನಿಮ್ಮ ಕಂಪನೀದು."

"ನಾನೂ ಹಾಗೇ ಅಂದ್ಕೊಂಡಿದ್ದೆ. ಅಲ್ಲ. ಹುಡುಕಿಕೊಂಡು ಹೋಗಿ ಒತ್ತಿದ್ದಾರೆ."

"ಅಕ್ಕನೇ..."

"ಅವಳು ಈಜೋಕೆ ಹೋಗಿದ್ದಳು. ನೀವು?"

"ಏಳಕ್ಕೇ ಬಿಟ್ಟೆ. ನಿಮ್ಮ ಕಚೇರೀಲೇ ಇದ್ದೆ, ಲಿಫ್ಟಿನ ಹತ್ತಿರ. ಕಾವಲುಗಾರ ನೋಡಿದ್ದಾನೆ." ಅವನು ಹೇಳುತ್ತಿದ್ದದ್ದು ಅವಳಿಗಲ್ಲ, ತನಗೇ ಲೆಕ್ಕ ಒಪ್ಪಿಸಿಕೊಳ್ಳುವಂತಿತ್ತು. ಮೇಜಿನ ಮೇಲಿದ್ದ ಎಡಗೈ ಅರ್ಧ ಮೇಲೆದ್ದು, ಏನೋ ಹೇಳಲು ಹೊರಟು, ಹಾಗೇ ಉಳಿಯಿತು.

"ಆ ಹೊತ್ತಲ್ಲಿ ಮನೇಲಿ ಯಾರಿದ್ರು?" ಎಂದಳು ಕೊಂಕಮ್ಮ.

ಕಿಟಕಿಯಾಚೆ ಯಾವುದೋ ಗಾಡಿ ಶುರುವಾಗದೆ ಗೊರಗೊರ ಎಂದಿತು, ಮತ್ತೆ ಗೊರಗೊರ ಎಂದಿತು.

"ನಿಮ್ಮ ಅಮ್ಮ, ನಿಮ್ಮ ಹೆಂಡತಿ. ಇಬ್ಬರೇ ಅಲ್ವಾ?"

ಅವನು ಪೆನ್ನಿನ ಮುಚ್ಚಳ ಹುಡುಕಿ, ಹಾಕಿ, ಅದು ಟಕ್ ಎನ್ನುವವರೆಗೂ ಒತ್ತಿದ.

"ನೋಡಿ," ಎಂದಳು ಕೊಂಕಮ್ಮ, ಮುಂದಕ್ಕೆ ಬಾಗಿ. "ಒತ್ತಿದವರು ಬೇಕಂತಲೇ ಒತ್ತಿದ್ರು ಅಂತ ನಾನು ಹೇಳ್ತಿಲ್ಲ. ತಲೆನೋವಿಗೆ ಒತ್ತಿರಬಹುದು. ನಾಚಿಕೆಗೆ ಒತ್ತಿರಬಹುದು. ಮಧ್ಯಾಹ್ನ ಹೀಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

"ಗೊತ್ತಿರಲಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

ಅವನ ದನಿ ಏರಿರಲಿಲ್ಲ. ಬಾಗಿಲಲ್ಲಿ ಕಾನ್‌ಸ್ಟೇ‌ಬಲ್ ಗಡಿಯಾರ ನೋಡಿಕೊಂಡ.

"ಅಂದರೆ? ಗೊತ್ತಿತ್ತಾ?"

"ನಾನು ಏನೂ ಹೇಳಲಿಲ್ಲ."

"ನಿಮಗೆ ಯಾರು ಅಂತ ಗೊತ್ತಾಗಿದೆ."

"ಮೇಡಂ, ನೀವು ಮನೆಗೆ ಹೋಗಿ."

"ನಾಳೆ ನಿಮ್ಮನ್ನ ಕೊಲೆಗಾರ ಅಂತಾರೆ. ಅಕ್ಕನ್ನ ಕರೆದು ಸಾಯಿಸಿದವನು ಅಂತಾರೆ."

"ಅನ್ನಲಿ."

"ಮೂರನೇ ಸಾಲು ತೆಗೆದುಬಿಡ್ತೀನಿ. ಬೇರೆ ಹಾಳೇಲಿ ಬರೀತೀನಿ. ಫೋನು ಪರೀಕ್ಷೆ ಮಾಡಿ ಅಂತ ಅಷ್ಟೇ."

"ಪರೀಕ್ಷೆ ಮಾಡಿದ್ರೆ ಒತ್ತಿದ ಹೊತ್ತು ಸಿಗುತ್ತೆ. ನಿಮಗೆ ಸಿಕ್ಕಿತಲ್ಲ."

"ನಿಮ್ಮ ಸಹಿ ಇಲ್ಲದೇನೂ ನಾನು ಬಂದು ಹೇಳಬಲ್ಲೆ."

"ಬನ್ನಿ. ನಾನು ಬಾ ಅಂತಲೇ ಕಳಿಸಿದ್ದೆ ಅಂತೀನಿ. ನಿಮ್ಮ ಹಳೇ ಕಾಗದದಲ್ಲೂ ಹಾಗೇ ಇದೆ."

ಅವಳಿಗೆ ಹೇಳಲು ಇನ್ನೊಂದೇ ಮಾತಿತ್ತು. ಅದು ವಾದವಾಗಿರಲಿಲ್ಲ.

"ನನಗೋಸ್ಕರ ಹಾಕಿ," ಎಂದಳು. "ಅವಳು ಬಿಟ್ಟರೆ ನನಗೆ ಮಾತಾಡೋಕೆ ಯಾರೂ ಇರಲಿಲ್ಲ. ಅವಳ ತಮ್ಮನ್ನ ಒಳಗೆ ತಳ್ಳಿದವಳಾಗಿ ನಾನು ಆ ಕುರ್ಚಿ ಪಕ್ಕ ಹೇಗೆ ಕೂರಲಿ?"

ಅವನ ಕಣ್ಣು ತುಂಬಿತು, ಇಳಿಯಲಿಲ್ಲ. ಆಮೇಲೆ ಅರ್ಜಿಯನ್ನು ಎರಡಾಗಿ ಮಡಿಸಿದ, ನಾಲ್ಕಾಗಿ ಮಡಿಸಿದ, ಪೆನ್ನನ್ನು ಅದರ ಮೇಲಿಟ್ಟು ಮೇಜಿನ ಅವಳ ತುದಿಗೆ ತಳ್ಳಿದ.

"ನಾನು ಸಹಿ ಹಾಕಲ್ಲ," ಎಂದ.